ಹೊಸ್ತಿಲಿಗೆ ಒಂದು ಕೋಲು

ಉಳ್ಳಾರ್ತಿ ಕಾವಲಿನ ಹುಲ್ಲು ಇರುವುದು ದನ ಮೇಯಲಿಕ್ಕೆ, ಮೇದು ಉಳಿದದ್ದು ಬಿಸಿಲಿಗೆ ಒಣಗಲಿಕ್ಕೆ. ಅದಕ್ಕೆ ಮೂರನೆಯ ಉಪಯೋಗವೂ ಉಂಟೆಂದು ನಮ್ಮ ಹಟ್ಟಿಯವರಿಗೆ ತೋರಿಸಿಕೊಟ್ಟವನು ಕೆಂಚಸಾಹೇಬ. ಅವನ ಅಸಲು ಹೆಸರು ನಮ್ಮವರ ನಾಲಿಗೆಗೆ ಹೊರಳಲಿಲ್ಲ. ತಲೆಗೂದಲು ಕೆಂಚು, ಮೀಸೆ ಕೆಂಚು, ಬಿಸಿಲಿಗೆ ಮೂಗಿನ ತುದಿಯೂ ಕೆಂಚು. ಆ ಹೆಸರೇ ನಿಂತಿತು. ಸರ್ಕಾರದ ಅಮೃತಮಹಲ್ ದನಗಳನ್ನು ನೋಡಲು ಪ್ರತಿ ಚಳಿಗಾಲ ಬಂದು ಕಾವಲಿನಲ್ಲಿ ಡೇರೆ ಹಾಕುತ್ತಿದ್ದ.

ಬೆಳಗಿನ ಹೊತ್ತು ಹೋರಿಗಳ ಹಲ್ಲು, ಗೊರಸು ನೋಡುವ ಮನುಷ್ಯ ಇಳಿಹೊತ್ತಿಗೆ ಬೇರೆಯೇ ಆಗಿಬಿಡುತ್ತಿದ್ದ. ನಿಂಬೆಹಣ್ಣಿನಷ್ಟು ಬಿಳಿ ಚೆಂಡೊಂದನ್ನು ನೆಲದ ಮೇಲಿಟ್ಟು ಕೋಲಿನಿಂದ ಹೊಡೆಯುವುದು, ಅದು ಬಿದ್ದಲ್ಲಿಗೆ ನಡೆದುಹೋಗಿ ಮತ್ತೆ ಹೊಡೆಯುವುದು, ಕೊನೆಗೆ ತಾನೇ ತೋಡಿಸಿದ ಕುಳಿಗೆ ಬೀಳಿಸುವುದು. ಇದಕ್ಕೆ ಗಾಲ್ಫ್ ಎನ್ನುತ್ತಿದ್ದ. ಇಷ್ಟಕ್ಕೆ ಒಂದು ಕೋಲು ಸಾಲದೇ ಎಂದರೆ, ಸಾಲದು. ದೂರಕ್ಕೆ ಹೊಡೆಯಲು ಒಂದು, ಎತ್ತರಕ್ಕೆ ಎಬ್ಬಿಸಲು ಒಂದು, ಗುಂಡಿಯಿಂದ ಎತ್ತಲು ಒಂದು, ಕುಳಿಯ ಹತ್ತಿರ ಮೆಲ್ಲಗೆ ನೂಕಲು ಒಂದು. ಚೀಲದಲ್ಲಿ ಒಟ್ಟು ಏಳು ಕೋಲು. ನಮ್ಮ ಕಡೆ ಒಂದೇ ಕೋಲಿನಲ್ಲಿ ದನ ಕಾಯುತ್ತಾರೆ, ಹಾವು ಹೊಡೆಯುತ್ತಾರೆ, ಮುದುಕರಾದ ಮೇಲೆ ಅದನ್ನೇ ಊರಿಕೊಂಡು ನಡೆಯುತ್ತಾರೆ. ಕೆಲಸ ಕಡಿಮೆ ಇದ್ದವರಿಗೆ ಕೋಲು ಜಾಸ್ತಿ ಬೇಕಾಗುತ್ತದೆ ಎಂದು ನಾನಂತೂ ತಿಳಿದಿದ್ದೇನೆ.

ಆ ಚೀಲ ಹೊರಲು ಸಾಹೇಬ ಆರಿಸಿಕೊಂಡದ್ದು ಕಾವಲಿನ ದನಗಾಹಿ ಓಬಯ್ಯನನ್ನು. ಆಗ ಓಬಯ್ಯನಿಗೆ ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಉಚ್ಚಂಗೆಮ್ಮ, ಕೊಂಡ್ಲಹಳ್ಳಿಯ ಜಂಪಣ್ಣನ ಮಗಳು. ಸಗಣಿ ಆಯುವ ನೆವದಲ್ಲಿ ಅವಳೂ ಕಾವಲಿಗೆ ಬರುತ್ತಿದ್ದಳು. ಚೆಂಡು ಹುಲ್ಲಿನಲ್ಲಿ ಕಳೆದುಹೋದರೆ ಸಾಹೇಬ ಕಣ್ಣಿನಿಂದ ಹುಡುಕುವನು, ಓಬಯ್ಯ ಕೈಯಿಂದ ಹುಡುಕುವನು, ಇವಳು ಬರಿಗಾಲಿನಿಂದ ಹುಡುಕುವಳು. ಹುಲ್ಲಿನ ಮೇಲೆ ಪಾದ ಎಳೆಯುತ್ತ ಹೋಗಿ ತಟ್ಟನೆ ನಿಂತು, "ಅಗೋ, ನಿಮ್ಮ ಮೊಟ್ಟೆ" ಎನ್ನುತ್ತಿದ್ದಳು. ಸಾಹೇಬ ಟೋಪಿ ತೆಗೆದು ಬಾಗುತ್ತಿದ್ದ, ಓಬಯ್ಯನಿಗೆ ಹೆಮ್ಮೆಯಾಗುತ್ತಿತ್ತು.

ಕೋಲುಗಳಿಗೆ ಸಾಹೇಬ ಹೇಳುವ ಹೆಸರು ಅವಳಿಗೆ ಬೇಕಿರಲಿಲ್ಲ. ತಾನೇ ಇಟ್ಟಳು. ಎಲ್ಲಕ್ಕಿಂತ ಉದ್ದನೆಯ, ಮರದ ತಲೆಯ ಕೋಲು ಗೌಡ. ವರ್ಷಕ್ಕೊಮ್ಮೆ ಕೆಲಸ, ದಿನವೂ ಡೌಲು. ತಳಕ್ಕೆ ಹಿತ್ತಾಳೆ ತಗಡು ಬಡಿದದ್ದು ಗೌಡನ ತಮ್ಮ. ಒಂದರಂತೆ ಒಂದಿದ್ದ ಎರಡು ಕಬ್ಬಿಣದ ಕೋಲು ಜೋಡೆತ್ತು. ಗುಂಡಿಯಿಂದ ಚೆಂಡನ್ನು ಮಣ್ಣು ಸಮೇತ ಎತ್ತುವುದು ಗುದ್ದಲಿ. ಕುಳಿಯ ಬಳಿ ಸಾವಕಾಶ ನೂಕುವುದು ಅಜ್ಜಿ. ಉಳಿದದ್ದು ಒಂದು, ಸಾಹೇಬ ಮ್ಯಾಶಿ ಎನ್ನುತ್ತಿದ್ದದ್ದು. ಹೊಡೆದರೆ ಚೆಂಡು ಮೇಲೆದ್ದು, ನೋಡಿದ ಜಾಗದಲ್ಲೇ ಮೆತ್ತಗೆ ಇಳಿಯುತ್ತಿತ್ತು. ಸಾಹೇಬ ಖುಷಿಯಲ್ಲಿದ್ದ ದಿನ ಓಬಯ್ಯನ ಕೈಗೂ ಕೊಡುತ್ತಿದ್ದದ್ದು ಅದನ್ನೇ. ಅದು ಕೈಗೆ ಬಂತೆಂದರೆ ಓಬಯ್ಯನಿಗೆ ಹಸಿವಿಲ್ಲ, ಬಾಯಾರಿಕೆಯಿಲ್ಲ, ಹಟ್ಟಿಯ ನೆನಪಿಲ್ಲ. ಉಚ್ಚಂಗೆಮ್ಮ ಅದಕ್ಕೆ ಸವತಿ ಎಂದು ಹೆಸರಿಟ್ಟಳು.

"ಆ ಕೋಲು ಹಿಡ್ಕೊಂಡಂಗೆ ನನ್ನ ಕೈ ಒಂದಿನ ಹಿಡ್ದಿದ್ದೀಯಾ ನೀನು?" ಎಂದು ಒಮ್ಮೆ ಕೇಳಿದಳು. ನಗುತ್ತಲೇ ಕೇಳಿದ್ದಳು. ಓಬಯ್ಯ ನಗುತ್ತಲೇ ಬಿಟ್ಟುಬಿಟ್ಟ. ಹೆಂಗಸರು ನಗುತ್ತ ಕೇಳಿದ್ದಕ್ಕೂ ಉತ್ತರ ಕೊಡಬೇಕು ಎನ್ನುವುದು ಗಂಡಸರಿಗೆ ಬುದ್ಧಿ ಬಂದ ಮೇಲೆ ತಿಳಿಯುತ್ತದೆ, ಬುದ್ಧಿ ಬರುವುದು ಹೊತ್ತು ಮೀರಿದ ಮೇಲೆ.

ಮುಂದಿನ ಚಳಿಗಾಲ ಸಾಹೇಬ ಡೇರೆ ಕಿತ್ತಾಗ ಓಬಯ್ಯನನ್ನೂ ಬೆಂಗಳೂರಿಗೆ ಕರೆದ. ದಂಡಿನ ಮೈದಾನದಲ್ಲಿ ದೊಡ್ಡ ಆಟವಂತೆ, ಈ ಚೀಲ ಬೇರೆಯವರು ಹೊತ್ತರೆ ಕೈ ಕೂರುವುದಿಲ್ಲವಂತೆ. "ಸುಗ್ಗಿ ಹೊತ್ತಿಗೆ ಬರ್ತೀನಿ" ಎಂದ ಓಬಯ್ಯ. ಉಚ್ಚಂಗೆಮ್ಮ ಚೀಲ ಎತ್ತಿ ಅವನ ಹೆಗಲಿಗೆ ಏರಿಸಿದಳು. ಸಾಹೇಬನಿಗೆ ಬೆಂಗಳೂರಿನಲ್ಲೇ ಕೆಲಸವಾಗಿ ಕಾವಲಿಗೆ ಬರುವುದು ನಿಂತಿತು. ಆ ಸುಗ್ಗಿ ಬಂತು, ಹೋಯಿತು. ಅದರ ಮೇಲೆ ಇನ್ನೆರಡು ಸುಗ್ಗಿಗಳೂ ಹೋದವು. ಅವನೇನು ಅಲ್ಲಿ ಸುಖವಾಗಿದ್ದನೆಂದು ತಿಳಿಯಬೇಡಿ. ಬೆಂಗಳೂರಿನ ಹುಲ್ಲು ತಿದ್ದಿ ತೀಡಿದ ಹುಲ್ಲು, ಅದರಲ್ಲಿ ಚೆಂಡು ಕಳೆಯುವುದೇ ಇಲ್ಲ. ಕಳೆಯದಿದ್ದರೆ ಹುಡುಕುವವರೂ ಬೇಕಿಲ್ಲ. ಸಾಹೇಬರೆಲ್ಲ ಹೋದ ಮೇಲೆ ಸವತಿಯನ್ನು ಹಿಡಿದು ಉತ್ತರಕ್ಕೆ ಮುಖ ಮಾಡಿ ಒಂದು ಏಟು ಹೊಡೆಯುತ್ತಿದ್ದ. ಚೆಂಡು ಮೇಲೇರಿದಷ್ಟು ಹೊತ್ತು ಅದು ಉಳ್ಳಾರ್ತಿಯ ಕಡೆಗೇ ಹೋಗುತ್ತಿದೆ ಎನಿಸುತ್ತಿತ್ತು. ಆಮೇಲೆ ಬಿದ್ದುಬಿಡುತ್ತಿತ್ತು. ಹೋಗಬೇಕು, ಈ ಸಲ ಹೋಗಿಬಿಡಬೇಕು ಎಂದು ದಿನವೂ ಅಂದುಕೊಳ್ಳುತ್ತ ದಿನವೂ ಉಳಿದ. ಹಂಬಲಿಸುವುದನ್ನೇ ಕೆಲಸ ಮಾಡಿಕೊಂಡವನು ಹೊರಡುವುದನ್ನು ಮರೆಯುತ್ತಾನೆ.

ಸಾಹೇಬರ ಸೀಮೆಯಲ್ಲಿ ಯುದ್ಧ ಹತ್ತಿತು. ಕೆಂಚಸಾಹೇಬನಿಗೆ ಕರೆ ಬಂತು. ಹೊರಡುವಾಗ ಚೀಲವನ್ನು ಓಬಯ್ಯನ ಕೈಗಿಟ್ಟು, "ಇವು ಇನ್ನು ನಿನ್ನವು" ಎಂದ. ಬೇರೇನೋ ಹೇಳಹೊರಟು ಮೂಗು ಒರೆಸಿಕೊಂಡು ಗಾಡಿ ಹತ್ತಿದ. ಓಬಯ್ಯ ಚೀಲ ಹೊತ್ತು ಹಟ್ಟಿಗೆ ಬಂದರೆ ಗುಡಿಸಲ ಬಾಗಿಲಿಗೆ ಮುಳ್ಳು ಕಟ್ಟಿತ್ತು. ಉಚ್ಚಂಗೆಮ್ಮ ಕೊಂಡ್ಲಹಳ್ಳಿಗೆ ಹೋಗಿ ಒಂದು ಮಳೆಗಾಲವೇ ಕಳೆದಿತ್ತು. ಅವನಿಲ್ಲದ ವರ್ಷಗಳಲ್ಲಿ ಅವನ ದನದ ಕೋಲು ಹಿಡಿದು ಅವನ ಪಾಳಿಯ ದನಗಳನ್ನು ಅವಳೇ ಕಾಯ್ದಿದ್ದಳಂತೆ. ಹೋಗುವಾಗ ಪಾತ್ರೆ ಪಡಗ ಮುಟ್ಟಲಿಲ್ಲ, ಆ ಕೋಲೊಂದನ್ನು ತೆಗೆದುಕೊಂಡು ಹೋದಳಂತೆ. ಇದನ್ನೆಲ್ಲ ಹೇಳಿದವಳು ಓಬಯ್ಯನ ಸೋದರತ್ತೆ ಬೋರಕ್ಕ. ತಾಯಿಯಿಲ್ಲದ ಅವನಿಗೆ ತಾಯಿಯ ಜಾಗದಲ್ಲಿದ್ದವಳು, ಬೈಯುವ ಹಕ್ಕನ್ನೂ ಪೂರಾ ಇಟ್ಟುಕೊಂಡಿದ್ದವಳು.

"ನೀನು ಬರೋ ಸುದ್ದಿ ಬಂದಾಗ್ಲೇ ಹೇಳಿ ಕಳಿಸಿದ್ದೆ ಕಣೋ. ಬರಂಗಿಲ್ಲ ಅಂದ್ಳಂತೆ. ಕೋಲು ಇಡೋನು ಬಂದು ಕೋಲು ಇಡಲಿ ಅಂದ್ಳಂತೆ."

ಓಬಯ್ಯ ಚೀಲವನ್ನು ಮೂಲೆಗಿಟ್ಟ. ಕೋಲು ಇಡುವುದೆಂದರೆ ಏನೆಂದು ಇಲ್ಲಿ ಹೇಳಬೇಕು. ನಮ್ಮ ಹಟ್ಟಿಗಳಲ್ಲಿ ಹೆಣ್ಣು ಮುನಿದು ತವರಿಗೆ ಹೋಗಿ ಮಳೆಗಾಲ ಕಳೆದರೆ ಗಂಡ ಸುಮ್ಮನೆ ಹೋಗಿ ಕರೆತರುವಂತಿಲ್ಲ. ತನ್ನ ಮನೆಯಿಂದ ಒಂದು ಕೋಲು ತೆಗೆದುಕೊಂಡು ಹೋಗಿ ಅವಳ ತವರಿನ ಹೊಸ್ತಿಲಿಗೆ ಅಡ್ಡ ಇಡಬೇಕು. ಎರಡಲ್ಲ, ಒಂದೇ. ಅವಳು ಅದನ್ನು ಎತ್ತಿ ಒಳಗೊಯ್ದರೆ ಗಂಡನ ಹಿಂದೆ ಹೊರಡುತ್ತಾಳೆ. ಕೋಲು ಮಾತ್ರ ಅವಳ ಬದಲಿಗೆ ತವರಿನ ಸೂರಿನಲ್ಲೇ ಉಳಿಯುತ್ತದೆ, ಎಂದೆಂದಿಗೂ ವಾಪಸು ಬರುವುದಿಲ್ಲ. ಹೊರಕ್ಕೆ ತಳ್ಳಿದರೆ ಗಂಡ ಹಿರಿಯರೆದುರು ಅದನ್ನು ಮೊಣಕಾಲಿಗೆ ಕೊಟ್ಟು ಮುರಿಯಬೇಕು. ಮುರಿದರೆ ಸಂಬಂಧವೂ ಮುರಿಯಿತು, ಮುರಿಯುವ ತನಕ ಇಲ್ಲ. ಅವಳು ಎತ್ತುವ ತನಕ ಅಥವಾ ತಳ್ಳುವ ತನಕ ಗಂಡ ತುಟಿ ಬಿಚ್ಚುವಂತಿಲ್ಲ. ಮಾತಿನಲ್ಲಿ ಮರುಳು ಮಾಡುವ ಗಂಡಸರು ಹಿಂದೆಯೂ ಇದ್ದರೆಂದು ಕಾಣುತ್ತದೆ, ಅದಕ್ಕೇ ಹಿರಿಯರು ಈ ಕಟ್ಟು ಮಾಡಿದರು.

"ಕೋಲು ಎಲ್ಲೈತೆ ಅತ್ತೆ? ಅವಳೇ ತಗೊಂಡೋಗವ್ಳಲ್ಲ," ಎಂದ ಓಬಯ್ಯ. "ಒಂದು ಕಡ್ಕೊಂಡು ಬರ್ಲಾ?"

"ಥೂ, ಬಿಡ್ತು ಅನ್ನು! ಹಸಿ ಕೋಲು ಚಟ್ಟಕ್ಕೆ ಕಣೋ ಕಡಿಯೋದು. ನಿನ್ನ ಕೈಯಾಗೆ ಸವೆದ ಕೋಲಾಗಬೇಕು." ಬೋರಕ್ಕ ಮೂಲೆಯಲ್ಲಿದ್ದ ಚೀಲದ ಕಡೆ ಕಣ್ಣು ಹಾಯಿಸಿದಳು. "ಅವು ಸವೆದಾವಲ್ಲ. ಅದರಾಗೇ ಒಂದು ತಗೊ."

ಅಲ್ಲಿಗೆ ಓಬಯ್ಯನಿಗೆ ಶುರುವಾಯಿತು ನೋಡಿ ಪೀಕಲಾಟ. ಸಾಹೇಬನ ಜೊತೆ ಆಡುವಾಗ ಯಾವ ಕೋಲು ಎಂಬ ಪ್ರಶ್ನೆ ಎಷ್ಟೋ ಸಲ ಬಂದಿತ್ತು. ಬೆಂಗಳೂರಿನಲ್ಲಿ ಕೆಲವು ದಿನ ಸಾಹೇಬರು ಪಣ ಕಟ್ಟಿ, ಮೂರೇ ಕೋಲಿನಲ್ಲಿ ಆಡಬೇಕು ಎಂದು ಹಟ ಹಿಡಿಯುತ್ತಿದ್ದರು; ಆಗ ಚೀಲದ ಮುಂದೆ ಕೂತು ಇದು ಬೇಕು, ಅದು ಬೇಡ ಎಂದು ಆರಿಸಿದ್ದುಂಟು. ಅಲ್ಲಿ ತಪ್ಪಿದರೆ ಆಟ ಹೋಗುತ್ತಿತ್ತು. ಇಲ್ಲಿ ತಪ್ಪಿದರೆ ಉಚ್ಚಂಗೆಮ್ಮ ಹೋಗುತ್ತಾಳೆ.

ಸಂಜೆ ಗೆಳೆಯ ಹುಲಿಯಪ್ಪ ಬಂದ. ಕಂಬಳಿಯ ಮೇಲೆ ಸಾಲಾಗಿ ಮಲಗಿಸಿದ್ದ ಕೋಲುಗಳನ್ನು ನೋಡಿ ಅವನಿಗೆ ನಗು ಬಂತು.

"ಹೆಣ್ಣು ನೋಡಾಕೆ ಹೋದಂಗೆ ಕೂತಿದ್ದೀಯಲ್ಲಲೇ. ಇದರಾಗೆ ಕೆಲಸಕ್ಕೆ ಬಾರದ್ದು ಯಾವುದು ಹೇಳು."

"ಗುದ್ದಲಿ. ಗುಂಡಿಗೆ ಬಿದ್ದಾಗ ಮಾತ್ರ ಬೇಕು. ಭಾರ ಬೇರೆ."

"ತಗಾ ಮತ್ತೆ! ಹೋದ ಕೋಲು ವಾಪಸು ಬರಾಕಿಲ್ಲ. ಅದನ್ನ ಇಟ್ಟು ಹೆಂಡ್ತಿನ ಕರ್ಕೊಂಡು ಬಾ, ಉಳಿದ ಆರು ನಿನಗೇ ಉಳಿತಾವೆ. ಕೋಲು ಯಾವುದಾದ್ರೇನು, ಹೊಸ್ತಿಲಿಗೆ ಕಣ್ಣು ಐತಾ?"

ಹೊಸ್ತಿಲಿಗೆ ಕಣ್ಣಿಲ್ಲ, ನಿಜ. ಹುಲಿಯಪ್ಪನ ಲೆಕ್ಕ ಸಂತೆಯಲ್ಲಿ ಕುರಿ ಮಾರುವವನ ಲೆಕ್ಕ, ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಓಬಯ್ಯನಿಗೂ ಸರಿಯೆನಿಸಿತು. ಗೆಳೆಯ ಹೋದ ಮೇಲೆ ಇಳಿಬಿಸಿಲಿನಲ್ಲಿ ಏಳೂ ಕೋಲು ಹೊತ್ತು ಕಾವಲಿಗೆ ನಡೆದ. ಕೊನೆಯ ಸಲ ಎಲ್ಲದರಲ್ಲೂ ಒಂದೊಂದು ಏಟು ಹೊಡೆದು ನೋಡೋಣ ಎಂದು.

ಗೌಡನನ್ನು ಬೀಸಿದ, ಚೆಂಡು ದೂರ ಹೋಯಿತು. ಆ ದೂರ ನೋಡಿದರೆ ಅವನಿಗೆ ಬೆಂಗಳೂರಿನ ದಾರಿ ನೆನಪಾಯಿತು. ಜೋಡೆತ್ತುಗಳಲ್ಲಿ ಹೊಡೆದ ಚೆಂಡು ನೆಲ ಕಚ್ಚಿ ಓಡಿ ಹುಲ್ಲಿನಲ್ಲಿ ಮುಳುಗಿತು. ಹುಡುಕಲು ಹೋದ. ಬಗ್ಗಿ, ಮೊಣಕಾಲೂರಿ, ಹುಲ್ಲು ಸವರಿ ಹುಡುಕಿದ. ಸಿಗಲಿಲ್ಲ. ಚಪ್ಪಲಿ ಬಿಟ್ಟು ಅವಳ ಹಾಗೆ ಪಾದ ಎಳೆದುಕೊಂಡು ನಡೆದ. ನೆಗ್ಗಿಲುಮುಳ್ಳು ಚುಚ್ಚಿತು, ಚೆಂಡು ಸಿಗಲಿಲ್ಲ. ಈ ನೆಲದಲ್ಲಿ ಅವಳು ಎಷ್ಟು ಮುಳ್ಳು ತುಳಿದು ಎಷ್ಟು ಚೆಂಡು ಹುಡುಕಿ ಕೊಟ್ಟಳೋ, ಒಂದು ದಿನವೂ ಕಾಲು ತೋರಿಸಿದವಳಲ್ಲ. ಓಬಯ್ಯ ಹುಲ್ಲಿನ ನಡುವೆ ನಿಂತು ಅತ್ತುಬಿಟ್ಟ. ಅವಳು ಬೇಕಾಗಿತ್ತು. ಅವಳ ನಗು, ಅವಳ ಬೈಗುಳ, ಬೆವರಿಗೆ ಅಂಟಿದ ಅವಳ ಸೆರಗಿನ ಸಗಣಿ ವಾಸನೆ, ಎಲ್ಲ ಬೇಕಾಗಿತ್ತು. ಬೆಂಗಳೂರಿನಲ್ಲಿದ್ದಾಗ ದೂರ ಇದ್ದೇನೆಂದು ಹಂಬಲಿಸುತ್ತಿದ್ದ. ಅವಳು ನಡೆದಾಡಿದ ನೆಲದಲ್ಲೇ ನಿಂತು ಹಂಬಲಿಸುವುದು ಅದಕ್ಕಿಂತ ಕಷ್ಟವಾಗಿತ್ತು.

ಸವತಿಯಲ್ಲಿ ಕೊನೆಗೆ ಹೊಡೆದ. ಚೆಂಡು ಎದ್ದು, ಆಕಾಶದಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ, ಅವನು ನೋಡುತ್ತಿದ್ದ ಒಂಟಿ ಬಂದ್ರೆ ಗಿಡದ ಬುಡದಲ್ಲೇ ಇಳಿಯಿತು. ಹುಟ್ಟಿದಾಗಿನಿಂದ ದನ ಹೋದ ಕಡೆ ಹೋದವನು, ದನಗಾಹಿಗಳ ಮೇಲಿನ ದರೋಗ ಹೇಳಿದ ಕಡೆ ನಿಂತವನು ಅವನು. ತಾನು ನೋಡಿದ ಕಡೆಗೆ ಏನಾದರೂ ಹೋಗುತ್ತದೆ ಎನ್ನುವ ಸುಖ ಆ ಕೋಲಿನಲ್ಲಿ ಮಾತ್ರ ಸಿಕ್ಕಿತ್ತು. ಕೋಲನ್ನು ಪಂಚೆಯ ಚುಂಗಿನಿಂದ ಒರೆಸಿ ಚೀಲಕ್ಕೆ ಹಾಕಿದ. ಗುದ್ದಲಿಯನ್ನು ಬೇರೆ ತೆಗೆದಿಟ್ಟ.

ಬೆಳಗಾಗುತ್ತಲೇ ಗುದ್ದಲಿ ಹೆಗಲ ಮೇಲಿಟ್ಟು ಬೋರಕ್ಕನ ಜೊತೆ ಹೊರಟ. ಕೋಲು ಇಡಲು ಗಂಡಿನ ಕಡೆಯ ಹಿರಿಯರೊಬ್ಬರು ಇರಬೇಕು, ಇವನಿಗೆ ಇದ್ದದ್ದು ಅವಳೊಬ್ಬಳೇ. ಕಾವಲಿನ ಅಂಚು ದಾಟುವ ಮೊದಲೇ ಓಬಯ್ಯ ನಿಂತ.

"ಏನೋ, ಕಾಲಿಗೆ ಮುಳ್ಳು ಹೊಕ್ತಾ?"

"ಅತ್ತೆ, ಅವಳಿಗೆ ಎಲ್ಲಾ ಕೋಲೂ ಗೊತ್ತು. ಹೆಸರಿಟ್ಟೋಳೇ ಅವಳು."

"ಗೊತ್ತಿದ್ರೇನಂತೆ?"

"ಬಿಟ್ರೂ ನಡಿಯೋ ಕೋಲು ತಂದವ್ನೆ ಅಂತ ತಿಳಿತಾಳೆ. ಹೊಸ್ತಿಲಿಗೆ ಕಣ್ಣಿಲ್ಲದಿದ್ರೆ ಅವಳಿಗೆ ಐತೆ."

ಬೋರಕ್ಕ ದಾರಿಬದಿಯ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಬಿಚ್ಚಿದಳು. ಓಬಯ್ಯ ಓಡಿದ. ತಿರುಗಿ ಬಂದಾಗ ಅವನ ಹೆಗಲ ಮೇಲೆ ಸವತಿ ಇತ್ತು. ಬೋರಕ್ಕನಿಗೆ ಯಾವ ಕೋಲಾದರೂ ಒಂದೇ, ಅವಳು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಓಬಯ್ಯ ಹೇಳುತ್ತಿದ್ದ. ಹೇಳಿದ್ದರೆ ಅವಳು ಹೆಂಗಸು, ಹಣೆ ಚಚ್ಚಿಕೊಂಡು, "ಅದನ್ನ ಮಾತ್ರ ಬ್ಯಾಡ ಕಣೋ ಮಂಕೆ" ಎನ್ನುತ್ತಿದ್ದಳು. ಓಬಯ್ಯನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ ವಿಚಾರ. ಸವತಿಯನ್ನು ಬಿಟ್ಟರೆ ಉಳಿದ ಆರು ಬರೀ ಸೌದೆ. ಅದನ್ನು ಅವಳ ಅಪ್ಪನ ಸೂರಿಗೆ ಸಿಕ್ಕಿಸಿ ಬಂದರೆ ಆಟವನ್ನೇ ಅಲ್ಲಿ ಬಿಟ್ಟು ಬಂದ ಹಾಗೆ. ಇಷ್ಟು ಅವಳಿಗೆ ತಿಳಿಯದೆ ಇರುತ್ತದೆಯೇ? ಕೊಡುವವನಿಗೆ ತಾನು ಕೊಡುತ್ತಿರುವುದು ಕಾಣುತ್ತದೆ. ಹೊಸ್ತಿಲೊಳಗೆ ನಿಂತವಳಿಗೆ ಏನು ಕಾಣುತ್ತದೆ ಎಂದು ಅವನು ಯೋಚಿಸಲಿಲ್ಲ.

ಚಳ್ಳಕೆರೆ ದಾಟಿ ಮೊಳಕಾಲ್ಮೂರಿನ ದಾರಿ ಹಿಡಿದ ಮೇಲೆ ಒಂದು ಹುಣಸೆಮರದ ಕೆಳಗೆ ರೊಟ್ಟಿ ಬಿಚ್ಚಿದರು. ಆಗ ಬೋರಕ್ಕನ ಕಣ್ಣು ಕೋಲಿನ ಹಿಡಿಯ ಮೇಲೆ ಬಿತ್ತು.

"ಲೇ, ಇದಕ್ಕೆ ತೊಗಲು ಸುತ್ತೈತಲ್ಲೋ! ಜಂಪಣ್ಣ ದೇವರ ಎತ್ತು ಕಾಯೋ ಮನುಷ್ಯ. ಚಪ್ಪಲಿನೇ ಅವರ ಅಂಗಳಕ್ಕೆ ಹೋಗಂಗಿಲ್ಲ. ತೊಗಲು ಹೊಸ್ತಿಲ ಮ್ಯಾಲೆ ಇಡ್ತೀಯಾ?"

ಓಬಯ್ಯ ಹಿಡಿಯ ತುದಿಯ ದಾರ ಕಚ್ಚಿ ಹರಿದ. ತೊಗಲಿನ ಪಟ್ಟಿ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಬಂತು. ಸಾಹೇಬನ ಬೆವರು, ಅವನ ಬೆವರು ಕುಡಿದು ಕಪ್ಪಾಗಿತ್ತು. ಅದರ ಕೆಳಗೆ ಬೆಳ್ಳಗಿನ ಬರೀ ಮರ. ಹಿಡಿದು ನೋಡಿದ, ಅಂಗೈಯಲ್ಲಿ ತೆಳ್ಳಗೆ ಅಪರಿಚಿತವಾಗಿತ್ತು. ಇನ್ನು ಇದರಲ್ಲಿ ಚೆಂಡು ಹೊಡೆಯಲು ಬರುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಪಟ್ಟಿಯನ್ನು ಮರದ ಬುಡದಲ್ಲಿ ಬಿಟ್ಟು ಎದ್ದ. ಎರಡು ಸಲ ತಿರುಗಿ ನೋಡಿದ. ಆದರೂ ಹೆಜ್ಜೆ ಹಗುರಾಗಿತ್ತು. ದಾರಿಯುದ್ದಕ್ಕೂ ಅವಳ ಜೊತೆ ಮನಸ್ಸಿನಲ್ಲೇ ಮಾತಾಡಿದ. ನೋಡು, ತೊಗಲನ್ನು ಮರದಡಿ ಬಿಟ್ಟು ಬಂದೆ, ಇನ್ನು ಇದನ್ನೂ ನಿನ್ನ ಕೈಗೇ ಕೊಡುತ್ತೇನೆ ಎಂದ. ಅವಳು ನಕ್ಕಂತೆ ಕೇಳಿಸಿತು.

ಮಾರನೆಯ ದಿನ ಕೊಂಡ್ಲಹಳ್ಳಿ ಸೇರಿದರು. ಬಂದ ಸುದ್ದಿ ತಿಳಿದು ಜಂಪಣ್ಣನ ಅಂಗಳದಲ್ಲಿ ಹಿರಿಯರು ಸೇರಿದರು. ಜಂಪಣ್ಣ ಎತ್ತರದ ಆಳು, ಕಿವಿಯಲ್ಲಿ ಒಂಟಿ, ಹೆಗಲ ಮೇಲೆ ಕರೀ ಕಂಬಳಿ. ದೇವರ ಎತ್ತುಗಳ ಜೊತೆ ಬಾಳಿ ಬಾಳಿ ಮಾತು ಕಡಿಮೆ. ಅಳಿಯನ ಕೈಯಲ್ಲಿದ್ದ ಕಬ್ಬಿಣದ ಮೂತಿಯ ಕೋಲನ್ನು ಅಡಿಯಿಂದ ಮುಡಿಯ ತನಕ ನೋಡಿ, "ಇದೇಮಿ ಕೋಲು?" ಎಂದು ತನ್ನ ತೆಲುಗಿನಲ್ಲಿ ಗೊಣಗಿದ. ಆದರೆ ಸವೆದ ಕೋಲು, ಒಂದೇ ಕೋಲು, ಮೇಲೆ ತೊಗಲಿಲ್ಲ. ಹಿರಿಯರು ತಲೆಯಾಡಿಸಿದರು. ಓಬಯ್ಯ ಹೋಗಿ ಹೊಸ್ತಿಲಿಗೆ ಅಡ್ಡ ಇಟ್ಟು, ಹಿಂದಕ್ಕೆ ಸರಿದು, ಕೈಕಟ್ಟಿ ಬಾಯಿ ಮುಚ್ಚಿ ನಿಂತ.

ಉಚ್ಚಂಗೆಮ್ಮ ಒಳಗಿನಿಂದ ಬಂದಳು. ಬಡವಾಗಿದ್ದಳು, ಕಪ್ಪಾಗಿದ್ದಳು. ಓಬಯ್ಯನಿಗೆ ಅವಳ ಮುಖ ನೋಡಿದ್ದೇ ಸಾಕೆನಿಸಿತು, ಇನ್ನೇನೂ ಆಗದಿದ್ದರೂ ನಡೆದುಬಂದದ್ದು ಸಾರ್ಥಕ ಎನಿಸಿತು. ಅವಳೂ ಅವನನ್ನೇ ನೋಡಿದಳು. ಅವಳ ಕಣ್ಣಲ್ಲಿ ಕೋಪವಿರಲಿಲ್ಲ. ಬಂದೆಯಾ ಎನ್ನುವ ಹಾಗಿತ್ತು ಆ ನೋಟ. ಕೋಲು ಎತ್ತಲೆಂದೇ ಬಗ್ಗಿದಳು.

ಬಗ್ಗಿದವಳು ಅಲ್ಲೇ ನಿಂತಳು.

ಯಾವುದು ಇದ್ದರೂ ಎತ್ತುತ್ತಿದ್ದಳೋ ಏನೋ. ಗೌಡ, ಅಜ್ಜಿ, ಆ ಕೆಲಸಕ್ಕೆ ಬಾರದ ಗುದ್ದಲಿಯಾದರೂ ಸರಿ. ಹೊಸ್ತಿಲ ಮೇಲೆ ಇದ್ದದ್ದು ಸವತಿ. ಮೂರು ವರ್ಷ ತನ್ನ ಗಂಡನನ್ನು ಇಟ್ಟುಕೊಂಡದ್ದು, ಕರೆಯಲು ಬರುವಾಗಲೂ ಅವನು ಬಿಟ್ಟಿರಲಾರದೆ ಹೆಗಲ ಮೇಲೆ ಹೊತ್ತು ತಂದದ್ದು, ತನ್ನ ಅಪ್ಪನ ಹೊಸ್ತಿಲಿನಲ್ಲೇ ಮಲಗಿಸಿದ್ದು. ಅವಳ ಮುಖ ಬಿಗಿಯಿತು. ಓಬಯ್ಯ ನೋಡುತ್ತಿದ್ದಂತೆಯೇ ಆ ಮುಖ ದೂರವಾಯಿತು. ಅವನಿಗೆ ತಟ್ಟನೆ ಎಲ್ಲ ಅರ್ಥವಾಯಿತು. ಬಾಯಿ ತೆರೆದ. ಬೋರಕ್ಕ ಅವನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಮಾತಾಡಿದರೆ ಕೋಲು ಕೆಟ್ಟಂತೆ, ಎತ್ತುವ ಅವಕಾಶವೂ ಹೋದಂತೆ. ಓಬಯ್ಯ ಬಾಯಿ ಮುಚ್ಚಿದ. ಕಣ್ಣಿನಲ್ಲಿ ಹೇಳಲು ನೋಡಿದ. ಅವಳು ಅವನ ಕಣ್ಣು ನೋಡುತ್ತಿರಲಿಲ್ಲ.

ಉಚ್ಚಂಗೆಮ್ಮ ಕಾಲಿನಿಂದ ಕೋಲನ್ನು ಹೊರಕ್ಕೆ ತಳ್ಳಿದಳು. ಅದು ಅಂಗಳಕ್ಕೆ ಉರುಳಿ ಓಬಯ್ಯನ ಪಾದದ ಹತ್ತಿರ ಬಂದು ನಿಂತಿತು.

"ಆತಲ್ಲ," ಎಂದ ಹಿರಿಯರಲ್ಲೊಬ್ಬ. "ಮುರಿಯಪ್ಪ."

ಓಬಯ್ಯ ಕೋಲು ಎತ್ತಿಕೊಂಡ. ದುಃಖದ ಹಿಂದೆಯೇ ಸಿಟ್ಟು ಬಂತು. ಇದ್ದುದರಲ್ಲಿ ಒಳ್ಳೆಯದನ್ನು ತಂದರೆ ಕಾಲಿನಲ್ಲಿ ಒದೆಯುತ್ತಾಳಲ್ಲ ಎಂಬ ಸಿಟ್ಟು, ತನ್ನ ಮಂಕುತನದ ಮೇಲೂ ಸಿಟ್ಟು. ಮೊಣಕಾಲಿಗೆ ಕೊಟ್ಟು ಇದ್ದ ಬಲವೆಲ್ಲ ಹಾಕಿ ಒತ್ತಿದ. ಕೋಲು ಬಾಗಿತು. ಕೈ ಸಡಿಲಿಸಿದರೆ ನೆಟ್ಟಗಾಯಿತು. ಮತ್ತೆ ಒತ್ತಿದ, ಮತ್ತೆ ಬಾಗಿತು, ಮತ್ತೆ ನೆಟ್ಟಗಾಯಿತು. ಅದು ನಮ್ಮ ನೆಲದ ಮರವಲ್ಲ. ಯಾವುದೋ ದೂರದ ಸೀಮೆಯ ಮರವಂತೆ, ಎಷ್ಟು ಬಾಗಿಸಿದರೂ ಏಟು ತಡೆಯುತ್ತದೆಂದು ಸಾಹೇಬ ಹೊಗಳುತ್ತಿದ್ದ. ಓಬಯ್ಯನ ಹಣೆಯಲ್ಲಿ ಬೆವರು ಬಂತು, ಕಣ್ಣಲ್ಲಿ ನೀರು ಬಂತು. ಅಂಗಳದಲ್ಲಿ ಯಾರೂ ನಗಲಿಲ್ಲ.

"ಕೊಡಲಿ ತರ್ಲಾ?" ಎಂದ ಯಾರೋ.

"ಕೊಡಲಿ ಹಾಕಂಗ ಐತೇನೋ? ಕೈಲೇ ಆಗಬೇಕು," ಎಂದ ಹಿರಿಯ. "ತಾಳಿ ಕಟ್ಟಿದೋನ ಕೈಲಿ ಆಗದಿದ್ರೆ ಕಟ್ಟಿಸಿಕೊಂಡೋಳು ಮುರಿಬೇಕು. ಬಾರವ್ವ."

ಉಚ್ಚಂಗೆಮ್ಮ ಹೊಸ್ತಿಲು ದಾಟಿ ಬಂದು ಕೈ ಚಾಚಿದಳು. ಕೋಲು ಕೊಡುವಾಗ ಅವಳ ಬೆರಳು ಬರೀ ಮರದ ಹಿಡಿಯ ಮೇಲೆ ಬಿತ್ತು. ಅಲ್ಲೇ ಸವರಿ ನೋಡಿದಳು. ತೊಗಲು ಬಿಚ್ಚಿದ ಗುರುತು ಎಳೆ ಎಳೆಯಾಗಿ ಕಾಣುತ್ತಿತ್ತು.

"ಇದನ್ನೇ ಯಾಕೆ ತಂದೆ?" ಎಂದು ಮೆಲ್ಲಗೆ ಕೇಳಿದಳು.

ಕೋಲು ತಳ್ಳಿಯಾಗಿತ್ತು, ಈಗ ಓಬಯ್ಯ ಮಾತಾಡಬಹುದಿತ್ತು. 

"ಒಂದು ಬಿಟ್ಟು ಬರಬೇಕು ಅಂದ್ರು," ಎಂದ. "ಗುದ್ದಲಿ ತಗೊಂಡು ಹೊಂಟಿದ್ದೆ. ಅದನ್ನ ಬಿಟ್ರೆ ನಾನು ಏನು ಬಿಟ್ಟಂಗಾತು? ಅದಕ್ಕೆ ವಾಪಸು ಹೋಗಿ ಇದನ್ನ ತಂದೆ. ನೀನಿಲ್ದೆ ಅಲ್ಲೂ ಇರಕ್ಕಾಗಲಿಲ್ಲ, ಇಲ್ಲೂ ಇರಕ್ಕಾಗಲ್ಲ ಉಚ್ಚಂಗಿ."

ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೋಲನ್ನು ಮೊಣಕಾಲಿಗೆ ಕೊಟ್ಟಳು. ಎರಡು ಕೈಯಲ್ಲೂ ಹಿಡಿದಳು.  ತುಟಿ ಕಚ್ಚಿಕೊಂಡು ಒತ್ತಿದಳು. ಕೋಲು ಓಬಯ್ಯ ಬಾಗಿಸಿದ ಅರ್ಧದಷ್ಟೂ ಬಾಗಲಿಲ್ಲ. ಅವಳ ಕಣ್ಣಿಂದ ನೀರು ಇಳಿದು ಆ ಬಿಳೀ ಮರದ ಮೇಲೆ ಬಿತ್ತು.

"ನನ್ನ ಕೈಲಾಗಲ್ಲ ಅಪ್ಪಯ್ಯ," ಎಂದಳು.

ಹಿರಿಯರು ಜಂಪಣ್ಣನ ಮುಖ ನೋಡಿದರು. ಕೊಂಡ್ಲಹಳ್ಳಿಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ದಿನಾ ಬೆಳಿಗ್ಗೆ ಒಲೆಗೆ ಬೇಕಾದ ಕರಿಜಾಲಿ ಕಟ್ಟಿಗೆಯನ್ನು, ಗಂಡಸರು ಕೊಡಲಿ ಹುಡುಕುವಂಥದ್ದನ್ನು, ಅವಳು ಮೊಣಕಾಲಿಗೆ ಕೊಟ್ಟು ಲಟಲಟ ಮುರಿಯುವ ಸದ್ದು ಬೀದಿಯ ಕೊನೆಯ ತನಕ ಕೇಳುತ್ತಿತ್ತು. ಜಂಪಣ್ಣ ಮಗಳನ್ನು ನೋಡಿದ. ಅವಳ ಕೈಯಲ್ಲಿದ್ದ ಕೋಲನ್ನು ನೋಡಿದ. ಆಮೇಲೆ ಕಂಬಳಿ ಕೊಡವಿ ಎದ್ದು ನಿಂತ.

"ಕೂಸಿಗೆ ಶಕ್ತಿ ಸಾಲ್ದು," ಎಂದ. "ಏಳ್ರಪ್ಪ, ಉಂಡು ಹೋಗೋರಂತೆ. ಅಳಿಯನಿಗೆ ಕಾಲಿಗೆ ನೀರು ಕೊಡವ್ವ."